ಟಿಶ್ಯೂ ಪ್ಯಾಕೆಟ್ ಸರ್ವೆ ಮಾಡುವವರು ಮಳೆಗಾಲದಲ್ಲಿ ಬರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಟಿಶ್ಯೂ, ನ್ಯಾಪ್‌ಕಿನ್, ಅಡುಗೆಮನೆ ರೋಲ್, ಟಾಯ್ಲೆಟ್ ರೋಲ್. ಈ ಕಾಗದದ ಸಾಮಾನುಗಳ ಪ್ಯಾಕೆಟ್ ಹೇಗಿರಬೇಕು ಅಂತ ಕಂಪನಿಗಳು ಜನರನ್ನು ಕೇಳಿಸುತ್ತವಲ್ಲ, ಆ ಸರ್ವೆಗಳ ಬಗ್ಗೆ ಈ ಪತ್ರ. ನಾವು ತೀರ್ಥಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟುಕೊಂಡವರು. ನಮ್ಮನೆಯವರು ಬೆಳಿಗ್ಗೆ ಕೂರುತ್ತಾರೆ, ಮಧ್ಯಾಹ್ನದ ಮೇಲೆ ನಾನು. ಪ್ರತಿ ಮಳೆಗಾಲದಲ್ಲೂ ಈ ಸಾಮಾನು ಕಪಾಟಿನಲ್ಲೇ ಹಾಳಾಗುತ್ತದೆ, ಮತ್ತು ಹಾಳಾದದ್ದರ ದುಡ್ಡು ನಮ್ಮ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತದೆ. ಅದಕ್ಕೇ ಬರೆಯಬೇಕು ಅನಿಸಿತು.

ಈ ಬೇಸಿಗೆಯಲ್ಲಿ ಒಂದು ಕಂಪನಿಯ ಪರವಾಗಿ ಸರ್ವೆಯವರು ನಮ್ಮ ಬೀದಿಗೆ ಬಂದಿದ್ದರು. ಚೆನ್ನಾಗಿ ಮಾತಾಡಿದರು, ತಾಳ್ಮೆಯಿಂದ ಕೇಳಿದರು, ಅವರ ಮೇಲೆ ನನಗೆ ಏನೂ ದೂರಿಲ್ಲ. ಟ್ಯಾಬ್‌ನಲ್ಲಿ ಚಿತ್ರ ತೋರಿಸುತ್ತಾ ಹೋದರು. ಹಸಿರು ಕವರ್ ಇಷ್ಟವೋ ನೀಲಿಯೋ? ಹೂವಿನ ಚಿತ್ರವೋ ಮಗುವಿನ ಚಿತ್ರವೋ? ಪ್ಯಾಕೆಟ್ ನೋಡಿದರೆ ಮೆತ್ತನೆಯದು ಅನಿಸುತ್ತದೋ, ಗಟ್ಟಿ ಅನಿಸುತ್ತದೋ? ಪ್ಲಾಸ್ಟಿಕ್ ಬದಲು ಕಾಗದದ ಕವರ್ ಹಾಕಿದರೆ ಸ್ವಲ್ಪ ಜಾಸ್ತಿ ದುಡ್ಡು ಕೊಡುತ್ತೀರಾ? ಹೀಗೆ. ಈ ಪ್ಯಾಕೆಟ್ಟನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ, ಒಡೆದ ಮೇಲೆ ಎಷ್ಟು ದಿನಕ್ಕೆ ಮುಗಿಯುತ್ತದೆ, ಕಳೆದ ಜುಲೈಯಲ್ಲಿ ತಂದದ್ದು ಏನಾಯಿತು ಅಂತ ಮಾತ್ರ ಒಂದು ಪ್ರಶ್ನೆಯೂ ಇರಲಿಲ್ಲ. ಹೊರಗೆ ಬಿಸಿಲು ಸುಡುತ್ತಿತ್ತು. ಆ ಬಿಸಿಲಲ್ಲಿ ನಿಂತು ಕೇಳಿದರೆ ನಮ್ಮವರಿಗೂ ಮಳೆ ನೆನಪಾಗುವುದಿಲ್ಲ. ಎಲ್ಲರೂ ಹೂವಿನ ಚಿತ್ರ ಚೆಂದ ಅಂದರು, ಅವರು ಬರೆದುಕೊಂಡು ಹೋದರು.

ನಮ್ಮ ಕಡೆ ಕಾಗದದ ಪ್ಯಾಕೆಟ್ಟಿಗೆ ಇರುವ ಮೊದಲ ಕೆಲಸ ಅಂದರೆ ಒಳಗಿನ ಕಾಗದವನ್ನು ಒಣಗಿದಂತೆ ಇಡುವುದು. ಬಣ್ಣ, ಚಿತ್ರ ಎಲ್ಲ ಆಮೇಲೆ.

ಕಾಗದ ಅಂದರೆ ಮರದ ನಾರು. ಅದು ಗಾಳಿಯಲ್ಲಿರುವ ತೇವವನ್ನು ತಾನಾಗಿ ಎಳೆದುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲೇ ಕಾಗದದ ತೂಕದಲ್ಲಿ ನೂರಕ್ಕೆ 5ರಿಂದ 8 ಪಾಲು ನೀರು ಇರುತ್ತದೆ, ಗಾಳಿ ಒದ್ದೆಯಾದಷ್ಟೂ ಅದು ಏರುತ್ತದೆ. ಅದರಲ್ಲೂ ಟಿಶ್ಯೂ ಮಾಡುವುದೇ ನೀರು ಹೀರಲಿ ಅಂತ. ತೆಳ್ಳಗೆ, ಸಡಿಲವಾಗಿ, ಮೇಲೆ ಯಾವ ಲೇಪವೂ ಇಲ್ಲದೆ ಮಾಡಿರುತ್ತಾರೆ. ಊಟದ ಮೇಜಿನ ಮೇಲೆ ಚೆಲ್ಲಿದ ನೀರನ್ನು ಹೀರುವ ಗುಣವೇ ಮಳೆಗಾಲದ ಗಾಳಿಯನ್ನೂ ಹೀರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಹೊಸನಗರದ ಹುಲಿಕಲ್ ಕಡೆಯೂ ಕಡಿಮೆಯಿಲ್ಲ. ಅದೇ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಒಂದೇ ಜಿಲ್ಲೆಯ ಒಳಗೇ ಇಷ್ಟು ವ್ಯತ್ಯಾಸ ಇರುವಾಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೇಳಿ ಬಂದ ಉತ್ತರವನ್ನು ಇಡೀ ಕರ್ನಾಟಕದ ಉತ್ತರ ಅಂತ ಹೇಗೆ ಇಟ್ಟುಕೊಳ್ಳುತ್ತಾರೆ? ಶಿವಮೊಗ್ಗದಲ್ಲಿ ಕೇಳಿದ್ದನ್ನು ಮಲೆನಾಡಿನ ಉತ್ತರ ಅಂದರೂ ಅದು ಪೂರ್ತಿ ಸರಿಯಲ್ಲ.

ಅಂಗಡಿಯಲ್ಲಿ ಏನಾಗುತ್ತದೆ ಅಂತ ಹೇಳುತ್ತೇನೆ. ಪ್ಯಾಕೆಟ್ ಬರುವುದು ದೊಡ್ಡ ರಟ್ಟಿನ ಡಬ್ಬದಲ್ಲಿ. ರಟ್ಟು ಮೊದಲು ಥಂಡಿ ಹಿಡಿಯುತ್ತದೆ, ತಳ ಮೆತ್ತಗಾಗಿ ಕುಸಿಯುತ್ತದೆ. ಅದಕ್ಕೆ ನಾವು ಡಬ್ಬವನ್ನು ನೆಲಕ್ಕೆ ಇಡುವುದಿಲ್ಲ, ಗೋಡೆಗೆ ತಾಗಿಸುವುದೂ ಇಲ್ಲ, ಹಲಗೆ ಹಾಕಿ ಮೇಲಿಡುತ್ತೇವೆ. ಆದರೂ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಎಷ್ಟು ತೆಳು ಇರುತ್ತದೆ ಅಂದರೆ ಲಗೇಜ್ ಆಟೋದಿಂದ ಇಳಿಸುವಾಗಲೇ ಮೂಲೆಯಲ್ಲಿ ಹರಿದಿರುತ್ತದೆ. ಕಣ್ಣಿಗೆ ಕಾಣದ ಸಣ್ಣ ಹರಕು. ಹದಿನೈದು ದಿನ ಬಿಟ್ಟು ನೋಡಿದರೆ ಆ ಮೂಲೆಯ ಕಾಗದ ಹಳದಿ ತಿರುಗಿ ಮುಗ್ಗಲು ವಾಸನೆ ಹೊಡೆಯುತ್ತದೆ. ಕೆಲವದಕ್ಕೆ ಕಪ್ಪು ಚುಕ್ಕಿ ಚುಕ್ಕಿ ಬೂಷ್ಟು. ಬಾಯಿ ಒರೆಸುವ ಕಾಗದಕ್ಕೆ ಬೂಷ್ಟು ಬಂದರೆ ಯಾರು ತಗೊಳ್ಳುತ್ತಾರೆ? ಇನ್ನು ಇಲಿ. ಗೂಡು ಕಟ್ಟುವುದಕ್ಕೆ ಅದಕ್ಕೆ ಟಿಶ್ಯೂಗಿಂತ ಒಳ್ಳೆಯದು ಬೇರೆ ಸಿಗುವುದಿಲ್ಲ, ತೆಳು ಕವರ್ ಆದರೆ ಒಂದು ರಾತ್ರಿ ಸಾಕು. ನಮಗೆ ಸಾಮಾನು ತಂದುಹಾಕುವ ಏಜೆನ್ಸಿಯವರನ್ನು ಕೇಳಿದರೆ ಡ್ಯಾಮೇಜ್ ವಾಪಸ್ ಇಲ್ಲ ಅನ್ನುತ್ತಾರೆ. ಬಿಸ್ಕೆಟ್ ಹಾಳಾದರೆ ವಾಪಸ್ ತಗೊಳ್ಳುವವರು ಟಿಶ್ಯೂ ಹಾಳಾದರೆ ತಗೊಳ್ಳುವುದಿಲ್ಲ, ಕಾಗದಕ್ಕೆ ಎಕ್ಸ್‌ಪೈರಿ ಇಲ್ಲವಲ್ಲ ಅಂತ ಅವರ ವಾದ.

ಮನೆಗಳಲ್ಲಿ ಇನ್ನೊಂದು ತೊಂದರೆ. ಅಂಗಡಿಯಿಂದ ಒಳ್ಳೆಯ ಪ್ಯಾಕೆಟ್ಟೇ ಹೋಗಿರುತ್ತದೆ, ಮನೆಯಲ್ಲಿ ಒಡೆದ ಮೇಲೆ ಮುಚ್ಚುವುದಕ್ಕೆ ದಾರಿಯಿಲ್ಲ. ಎರಡು ಅಡುಗೆಮನೆ ರೋಲ್ ಒಂದೇ ಕವರಿನಲ್ಲಿ ಬರುತ್ತವೆ. ಒಂದನ್ನು ತೆಗೆಯಲು ಕವರ್ ಹರಿದರೆ ಎರಡನೆಯದೂ ಬಯಲಾಯಿತು. ಪೇಟೆಯಲ್ಲಿ ಅದು ವಾರದಲ್ಲಿ ಖರ್ಚಾಗುತ್ತದೋ ಏನೋ, ನಮ್ಮ ಕಡೆಯ ಮನೆಗಳಲ್ಲಿ ಒಂದು ರೋಲ್ ಎರಡು ಮೂರು ತಿಂಗಳು ಬರುತ್ತದೆ. ಎರಡನೆಯದರ ಸರದಿ ಬರುವ ಹೊತ್ತಿಗೆ ಅದರ ಒಳಗಿನ ರಟ್ಟಿನ ಕೊಳವೆ ಬಾಗಿ, ಕಾಗದ ಒಂದಕ್ಕೊಂದು ಅಂಟಿಕೊಂಡು, ತೂತಿನ ಗೆರೆಯಲ್ಲಿ ಹರಿಯದೆ ಎಲ್ಲೆಲ್ಲೋ ಹರಿಯುತ್ತದೆ. ಅದೇ ಕವರಿನಲ್ಲಿ ಎರಡು ರೋಲಿನ ನಡುವೆ ಒಂದು ಸೀಲ್ ಗೆರೆ ಹಾಕಿದ್ದರೆ ಸಾಕಿತ್ತು ಅಲ್ವಾ? ಒಂದು ತೆಗೆದರೆ ಇನ್ನೊಂದು ಮುಚ್ಚಿಯೇ ಇರುತ್ತದೆ, ಪ್ಲಾಸ್ಟಿಕ್ಕೂ ಹೆಚ್ಚು ಬೇಕಾಗುವುದಿಲ್ಲ. ಟಿಶ್ಯೂ ಪ್ಯಾಕೆಟ್ಟಿಗೆ ಅಂಟಿನ ಸ್ಟಿಕ್ಕರ್ ಮುಚ್ಚಳ ಕೆಲವು ಕಂಪನಿಗಳು ಕೊಡುತ್ತವೆ. ಅದು ತೆಗೆದು ಹಾಕಿ ನಾಲ್ಕು ದಿನಕ್ಕೆ ಅಂಟು ಬಿಡುತ್ತದೆ, ಒದ್ದೆ ಗಾಳಿಯಲ್ಲಿ ಇನ್ನೂ ಬೇಗ. ಬೇಸಿಗೆಯಲ್ಲಿ ಮಾಡಿದ ಹಲಸಿನ ಹಪ್ಪಳವನ್ನು ಆಷಾಢದವರೆಗೆ ಗರಿಗರಿಯಾಗಿ ಕಾಪಾಡಬೇಕಾದರೆ ಡಬ್ಬಿಯ ಮುಚ್ಚಳ ಎಷ್ಟು ಬಿಗಿಯಿರಬೇಕು ಅಂತ ನಮ್ಮ ಹೆಂಗಸರಿಗೆ ಗೊತ್ತು, ಟಿಶ್ಯೂ ಪ್ಯಾಕೆಟ್ಟಿನ ಬಾಯಿಯೂ ಅಂಥದ್ದೇ ಆಗಬೇಕು. ಇದನ್ನು ಅವರನ್ನೇ ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದರು.

ಕಾಗದ ಮತ್ತು ತೇವದ ವಿಷಯ ಪತ್ರಿಕೆಯವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪತ್ರಿಕೆಯ ಕಟ್ಟು ಪ್ಲಾಸ್ಟಿಕ್ ಹೊದ್ದುಕೊಂಡೇ ಬಸ್ಸಿನಿಂದ ಇಳಿಯುತ್ತದೆ. ಅಚ್ಚಿನ ಕಾಗದದ ರೀಲಿಗೂ ಮೇಲೆ ದಪ್ಪ ಕಂದು ಕಾಗದ ಸುತ್ತಿ, ತೇವ ತಾಗದಂತೆ ಕಳಿಸುತ್ತಾರೆ. ಇದು ನಮ್ಮ ಜಿಲ್ಲೆಯಲ್ಲೇ ಇದ್ದ ವಿದ್ಯೆ. ಭದ್ರಾವತಿಯ ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್, 1936ರಲ್ಲಿ ಶುರುವಾಗಿ, 1981ರಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಮಾಡಿ, 2015ರಲ್ಲಿ ನಿಂತುಹೋಯಿತು. ಅಲ್ಲಿ ದುಡಿದವರು, ಕಾಗದವನ್ನು ಕೈಯಲ್ಲಿ ಮುಟ್ಟಿ ತೇವ ಹೇಳಬಲ್ಲವರು, ಭದ್ರಾವತಿಯಲ್ಲಿ ಈಗಲೂ ಇದ್ದಾರೆ. ಕಾಗದದ ಪ್ಯಾಕೆಟ್ ಬಗ್ಗೆ ಅಭಿಪ್ರಾಯ ಕೇಳಲು ಈ ಜಿಲ್ಲೆಗೆ ಬಂದವರು ಅವರಲ್ಲಿ ಒಬ್ಬರನ್ನಾದರೂ ಕೂರಿಸಿ ಮಾತಾಡಿಸಬಹುದಿತ್ತು.

ಸರ್ವೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಕೇಳಿದರೆ ಕಂಪನಿಯ ದಾರಿಯೇ ಬದಲಾಗುತ್ತದೆ. ಅಮೆರಿಕದಲ್ಲಿ 1924ರಲ್ಲಿ ಕ್ಲೀನೆಕ್ಸ್ ಟಿಶ್ಯೂ ಮಾರುಕಟ್ಟೆಗೆ ಬಂದಾಗ ಅದು ಹೆಂಗಸರು ಮುಖದ ಕೋಲ್ಡ್ ಕ್ರೀಮ್ ಒರೆಸಿಕೊಳ್ಳುವ ಕಾಗದ. ಆದರೆ ಜನ ಅದನ್ನು ಶೀತ ಆದಾಗ ಮೂಗು ಒರೆಸಲು ಬಳಸುತ್ತಿದ್ದರು, ಹಾಗಂತ ಕಂಪನಿಗೆ ಪತ್ರವೂ ಬರೆದರು. 1930ರ ಸುಮಾರಿಗೆ ಕಂಪನಿ ಪಿಯೋರಿಯಾ ಎಂಬ ಊರಿನ ಪತ್ರಿಕೆಯಲ್ಲಿ ಎರಡೂ ಬಗೆಯ ಜಾಹೀರಾತು ಕೊಟ್ಟು ಪರೀಕ್ಷೆ ಮಾಡಿತು. ಅರ್ಧಕ್ಕಿಂತ ಹೆಚ್ಚು ಜನ ಕರ್ಚೀಫಿನ ಕಡೆಗೆ ಬಂದರು. ಅಲ್ಲಿಂದ ಮುಂದೆ ಅದನ್ನು ಬಿಸಾಡಬಹುದಾದ ಕರ್ಚೀಫ್ ಅಂತಲೇ ಮಾರಿದರು. ಆ ಕಂಪನಿಗೆ ದಾರಿ ತೋರಿಸಿದ್ದು ಬಳಸುವವರು ಮನೆಯಲ್ಲಿ ಏನು ಮಾಡುತ್ತಿದ್ದಾರೆ ಅನ್ನುವ ಸುದ್ದಿ. ನಮ್ಮಲ್ಲಿಗೆ ಬರುವ ಸರ್ವೆಗಳಲ್ಲಿ ಆ ಭಾಗವೇ ಇರುವುದಿಲ್ಲ.

ಇನ್ನೊಂದು ಮಾತು. ಜನ ಹೇಳುವುದೇ ಒಂದು, ಕೊಳ್ಳುವುದೇ ಒಂದು. ಮನೆ ಬಾಗಿಲಿಗೆ ಬಂದ ಅಪರಿಚಿತರು ಪರಿಸರಕ್ಕೆ ಒಳ್ಳೆಯದಾದರೆ ಜಾಸ್ತಿ ಕೊಡುತ್ತೀರಾ ಅಂತ ಕೇಳಿದರೆ ಇಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಅದು ಸುಳ್ಳಲ್ಲ, ಮರ್ಯಾದೆ. ಅಂಗಡಿಗೆ ಬಂದಾಗ ಬೇರೆಯೇ ಲೆಕ್ಕ. ನಾನು ಕೌಂಟರಿನ ಈ ಕಡೆಯಿಂದ ದಿನಾ ನೋಡುತ್ತೇನೆ. ಮೊದಲು ಪ್ಯಾಕೆಟ್ಟನ್ನು ಒತ್ತಿ ನೋಡುತ್ತಾರೆ. ಆಮೇಲೆ ಬೆಳಕಿಗೆ ಹಿಡಿದು ಬಿಳುಪು ನೋಡುತ್ತಾರೆ, ಮಳೆಗಾಲದಲ್ಲಂತೂ ಮೂಗಿಗೆ ಹಿಡಿಯುತ್ತಾರೆ. ಆಮೇಲೆ, ಅಕ್ಕಾ, ಇದರಲ್ಲಿ ಎಷ್ಟಿದೆ ಅಂತ ಕೇಳುತ್ತಾರೆ. ಬಣ್ಣ ನೋಡಿ ಆರಿಸಿದವರು ಅಪರೂಪ.

ಎಷ್ಟಿದೆ ಅನ್ನುವ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ ನೋಡಿ. ಒಂದು ಪ್ಯಾಕೆಟ್ಟಿನಲ್ಲಿ 100 ಪುಲ್ಸ್, 2 ಪ್ಲೈ ಅಂತ ಬರೆದಿರುತ್ತದೆ. ಅಂದರೆ ನೂರು ಸಲ ಎಳೆಯಬಹುದು, ಪ್ರತಿ ಸಲವೂ ಎರಡು ಪದರದ ಕಾಗದ ಬರುತ್ತದೆ. ಪಕ್ಕದ ಪ್ಯಾಕೆಟ್ಟಿನಲ್ಲಿ 200 ಶೀಟ್ಸ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಅದರಲ್ಲಿ ಪದರ ಬೇರೆ ಬೇರೆ ಎಣಿಸಿದ್ದರೆ ಎರಡೂ ಒಂದೇ ಆಯಿತಲ್ಲ! ಕಾಗದದ ಅಳತೆ ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಒಂದು ಕಂಪನಿಯದು ಅಗಲ, ಇನ್ನೊಂದರದ್ದು ಅಂಗೈಯಷ್ಟು. ಪ್ಯಾಕ್ ಮಾಡಿದ ಸಾಮಾನಿಗೆ 2011ರ ಲೀಗಲ್ ಮೆಟ್ರಾಲಜಿ, ಅಂದರೆ ತೂಕ-ಅಳತೆಯ, ನಿಯಮಗಳಿವೆ. ಅವಕ್ಕೆ ಈಚೆಗೆ ತಿದ್ದುಪಡಿ ತಂದು, ಎಂಆರ್‌ಪಿ ಜೊತೆಗೆ ಒಂದಕ್ಕೆ ಎಷ್ಟು ಬೀಳುತ್ತದೆ ಅನ್ನುವುದನ್ನೂ ಹಾಕಬೇಕು ಅಂತ ಮಾಡಿದ್ದಾರೆ. ಒಳ್ಳೆಯ ನಿಯಮ. ಆದರೆ ಆ ಒಂದು ಅಂದರೆ ಒಂದು ಪುಲ್ಲೋ ಒಂದು ಪದರವೋ ಅಂತ ಗಿರಾಕಿಗೆ ತಿಳಿಯದಿದ್ದರೆ ಹೋಲಿಸಿ ನೋಡುವುದು ಹೇಗೆ? ಮುಂಭಾಗದಲ್ಲೇ ದೊಡ್ಡದಾಗಿ, ಎಷ್ಟು ಸಲ ಎಳೆಯಬಹುದು, ಒಂದು ಕಾಗದ ಎಷ್ಟು ಉದ್ದ ಅಗಲ ಅಂತ ಬರೆಯಲಿ. ಹೂವಿನ ಚಿತ್ರದ ಅರ್ಧ ಜಾಗ ಸಾಕು.

ಅದೂ ಕನ್ನಡದಲ್ಲಿ ಬರೆಯಲಿ. ಕೇಂದ್ರದ ಆ ತೂಕ-ಅಳತೆಯ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಸೇರಿಸಲು ಅಡ್ಡಿಯೇನೂ ಇಲ್ಲ. ಅಡ್ಡಿ ಇಲ್ಲದಿದ್ದರೂ ಸೇರಿಸುವುದಿಲ್ಲ. ಇದು ಬರೀ ಅಭಿಮಾನದ ಪ್ರಶ್ನೆಯಲ್ಲ. ಮೊದಲೆಲ್ಲ ಬೋಂಡ, ಹಪ್ಪಳ ಕರಿದು ಹಳೆ ಪೇಪರಿನ ಮೇಲೆ ಹಾಕುತ್ತಿದ್ದೆವು. ಅಚ್ಚಿನ ಮಸಿ ಹೊಟ್ಟೆಗೆ ಹೋಗುತ್ತದೆ, ಹಾಗೆ ಮಾಡಬೇಡಿ ಅಂತ ಆಹಾರದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ 2016ರಲ್ಲೇ ಹೇಳಿತು, 2018ರ ಪ್ಯಾಕೇಜಿಂಗ್ ನಿಯಮಗಳಲ್ಲೂ ತಿಂಡಿ ಕಟ್ಟಲು ನ್ಯೂಸ್‌ಪೇಪರ್ ಬಳಸಬಾರದು ಅಂತ ಬಂತು. ಅದನ್ನು ಕೇಳಿ ಎಷ್ಟೋ ಜನ ಅಡುಗೆಮನೆ ರೋಲ್ ಕೊಳ್ಳಲು ಶುರು ಮಾಡಿದ್ದಾರೆ, ಅದು ಸಂತೋಷವೇ. ಆದರೆ ಇನ್ನು ಕೆಲವರು ಬಣ್ಣ ಬಣ್ಣದ ಚಿತ್ರ ಇರುವ ನ್ಯಾಪ್‌ಕಿನ್ ತಗೊಂಡು ಹೋಗಿ ಅದರ ಮೇಲೆ ಬಿಸಿ ಎಣ್ಣೆಯ ಪದಾರ್ಥ ಹಾಕುತ್ತಾರೆ. ಯಾವುದು ಆಹಾರಕ್ಕೆ ತಾಗಿಸಬಹುದಾದ ಕಾಗದ, ಯಾವುದು ಬರೀ ಕೈ ಒರೆಸಲಿಕ್ಕೆ ಅಂತ ಒಂದು ಸಾಲು ಕನ್ನಡದಲ್ಲಿ ಇದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ. ನಾನು ಹೇಳಿ ಕಳಿಸುತ್ತೇನೆ. ಎಲ್ಲ ಅಂಗಡಿಯಲ್ಲೂ ಹೇಳುವವರು ಇರಬೇಕಲ್ಲ.

ಈಗ ಪ್ಲಾಸ್ಟಿಕ್ ವಿಷಯ. ಇದರಲ್ಲಿ ನನಗೆ ಎರಡೂ ಕಡೆಯ ಸಂಕಟ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೇಲೆ ಹೇಳಿದ್ದೆಲ್ಲ ಓದಿದರೆ ದಪ್ಪ ಪ್ಲಾಸ್ಟಿಕ್ ಹಾಕಿ ಅಂತ ಕೇಳಿದ ಹಾಗೆಯೇ ಆಗುತ್ತದೆ. ಹೌದು, ಈ ಒಂದು ಸಾಮಾನಿಗೆ ನಮ್ಮ ಹವೆಯಲ್ಲಿ ಬರೀ ಕಾಗದದ ಕವರ್ ನಿಲ್ಲುವುದಿಲ್ಲ. ಆದರೆ ಜಾತ್ರೆ ಮುಗಿದ ಮೇಲೆ ತುಂಗೆಯ ದಡದಲ್ಲಿ ಏನು ಬಿದ್ದಿರುತ್ತದೆ ಅಂತ ನೋಡಿದವರು ಪ್ಲಾಸ್ಟಿಕ್ಕಿನ ಪರವಾಗಿ ಬಾಯಿ ತೆರೆಯುವುದು ಸುಲಭವಲ್ಲ. 2022ರ ಜುಲೈ 1ರಿಂದ ಒಂದೇ ಸಲ ಬಳಸಿ ಬಿಸಾಡುವ ಎಷ್ಟೋ ಪ್ಲಾಸ್ಟಿಕ್ ಸಾಮಾನು ನಿಷೇಧ ಆದವು, ನಾವು ಲೋಟ, ಚಮಚ ಎಲ್ಲ ತರಿಸುವುದು ನಿಲ್ಲಿಸಿದೆವು. ಟಿಶ್ಯೂ ಪ್ಯಾಕೆಟ್ಟಿನ ಕವರ್ ಆ ಪಟ್ಟಿಯಲ್ಲಿ ಇಲ್ಲ. ಅದು ಬರುತ್ತಲೇ ಇದೆ, ಚರಂಡಿಗೆ ಹೋಗುತ್ತಲೇ ಇದೆ, ಹಳ್ಳಿ ಮನೆಗಳಲ್ಲಿ ಬಚ್ಚಲ ಒಲೆಗೂ ಬೀಳುತ್ತಿದೆ.

ಸರ್ವೆಯವರು ಇದನ್ನು ಕಾಗದವೋ ಪ್ಲಾಸ್ಟಿಕ್ಕೋ ಅಂತ ಎರಡೇ ಆಯ್ಕೆಯ ಪ್ರಶ್ನೆಯಾಗಿ ಇಡುತ್ತಾರೆ. ಹಾಗೆ ಇಟ್ಟರೆ ಎಲ್ಲರೂ ಕಾಗದ ಅನ್ನುತ್ತಾರೆ, ಕಂಪನಿ ಕಾಗದದ ಕವರ್ ಮಾಡುತ್ತದೆ. ಅದು ತೇವ ತಡೆಯುವುದಿಲ್ಲ ಅಂತ ಗೊತ್ತಾದ ಮೇಲೆ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಪದರ ಅಂಟಿಸುತ್ತದೆ. ಕಾಗದಕ್ಕೆ ಪ್ಲಾಸ್ಟಿಕ್ ಅಂಟಿಸಿದ್ದು ಎಲ್ಲದಕ್ಕಿಂತ ಕಷ್ಟದ್ದು. ರದ್ದಿಯವರು ಅದನ್ನು ಕಾಗದ ಅಂತಲೂ ತಗೊಳ್ಳುವುದಿಲ್ಲ, ಪ್ಲಾಸ್ಟಿಕ್ ಅಂತಲೂ ತಗೊಳ್ಳುವುದಿಲ್ಲ. ಕೊಳ್ಳುವವರು ಮಾತ್ರ ಕಾಗದದ್ದು ಅಂತ ನಂಬಿ ಗೊಬ್ಬರದ ಗುಂಡಿಗೆ ಹಾಕುತ್ತಾರೆ. ಅದರ ಬದಲು ಒಂದೇ ಜಾತಿಯ ಪ್ಲಾಸ್ಟಿಕ್, ಹರಿಯದಷ್ಟು ದಪ್ಪ, ಅದರ ಮೇಲೆ ಹೆಚ್ಚು ಬಣ್ಣ ಬೇಡ, ಖಾಲಿ ಆದ ಮೇಲೆ ವಾಪಸ್ ತಗೊಳ್ಳುವ ಏರ್ಪಾಡು. ನನಗೆ ಕೇಳಿದರೆ ಇದು ಮೇಲು. ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ವಿಲೇವಾರಿ ಕಂಪನಿಗಳದ್ದೇ ಹೊಣೆ ಅಂತ 2022ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೂ ಹೊರಡಿಸಿದೆ. ಏಜೆನ್ಸಿಯ ಗಾಡಿ ಸಾಮಾನು ಇಳಿಸಿ ಶಿವಮೊಗ್ಗಕ್ಕೆ ಖಾಲಿಯೇ ಹೋಗುತ್ತದೆ. ಆ ಗಾಡಿಯಲ್ಲಿ ಒಂದು ಚೀಲ ಖಾಲಿ ಕವರ್ ಹಾಕಿಕೊಂಡು ಹೋಗಲಿ. ಗಿರಾಕಿಗಳು ತಂದುಕೊಟ್ಟರೆ ನಾವು ಒಂದು ಮೂಲೆಯಲ್ಲಿ ಕೂಡಿಡುತ್ತೇವೆ. ಹೀಗೆ ಮಾಡಿದರೆ ತಂದುಕೊಡುತ್ತೀರಾ, ಪ್ಯಾಕೆಟ್ಟಿಗೆ ಒಂದು ರೂಪಾಯಿ ಕಡಿಮೆ ಮಾಡಿದರೆ ಕೊಡುತ್ತೀರಾ ಅಂತ ಜನರನ್ನು ಕೇಳಿ. ಅಂಥ ಪ್ರಶ್ನೆಗೆ ಬಂದ ಉತ್ತರದಿಂದ ಏನಾದರೂ ಮಾಡಬಹುದು.

ಯಾರನ್ನು ಕೇಳುತ್ತಾರೆ ಅನ್ನುವುದೂ ಮುಖ್ಯ. ನಮ್ಮ ಬೀದಿಯಲ್ಲಿ ಬಾಗಿಲು ತೆರೆದಿದ್ದ ಮನೆಗಳಲ್ಲಿ ಕೇಳಿದರು. ಇಲ್ಲಿ ಕಾಗದ ಜಾಸ್ತಿ ಖರ್ಚಾಗುವುದು ಹೋಮ್‌ಸ್ಟೇಗಳಲ್ಲಿ, ಮದುವೆ ಮನೆಗಳಲ್ಲಿ, ಸತ್ಯನಾರಾಯಣ ಪೂಜೆ, ನಾಮಕರಣ ಅಂತ ನೂರು ಜನ ಸೇರುವ ಕಡೆ. ಕಲ್ಯಾಣ ಮಂಟಪದಲ್ಲಿ ಬಾಳೆ ಎಲೆಯ ಕೆಳಗೆ ಮೇಜಿಗೆ ಹಾಸುತ್ತಾರಲ್ಲ, ಆ ಉದ್ದದ ಪೇಪರ್ ರೋಲ್, ಅದನ್ನು ಯಾವ ಸರ್ವೆಯೂ ಲೆಕ್ಕಕ್ಕೆ ಹಿಡಿದದ್ದು ನಾನು ಕಂಡಿಲ್ಲ. ಮಳೆಗಾಲದಲ್ಲಿ ಅದರ ಅಂಚು ತೇವ ಹಿಡಿದರೆ ಬಿಚ್ಚುವಾಗ ನಡುವೆಯೇ ಹರಿಯುತ್ತದೆ, ಬಡಿಸುವವರಿಗೆ ಆ ಅವಸರದಲ್ಲಿ ಎಷ್ಟು ಕಷ್ಟ! ಅಡುಗೆ ಭಟ್ಟರನ್ನು ಕೇಳಿದರೆ ಐದು ನಿಮಿಷದಲ್ಲಿ ಹೇಳುತ್ತಾರೆ. ಹಾಗೆಯೇ ಆಗುಂಬೆ, ಹೊಸನಗರ ತಾಲ್ಲೂಕಿನ ನಗರ ಎಂಬ ಊರು, ಕಾರ್ಗಲ್, ಈ ಕಡೆಯ ಸಣ್ಣ ಅಂಗಡಿಯವರನ್ನೂ ಕೇಳಬೇಕು. ಅವರು ಮೇ ತಿಂಗಳಲ್ಲೇ ಮಳೆಗಾಲಕ್ಕೆ ಬೇಕಾದ್ದನ್ನು ತುಂಬಿಕೊಳ್ಳುತ್ತಾರೆ. ಆ ಸಾಮಾನು ಸೆಪ್ಟೆಂಬರ್ ತನಕ ಉಳಿಯಬೇಕು.

ಸಂಪಾದಕರೇ, ನಿಮ್ಮಲ್ಲಿ ಒಂದು ವಿನಂತಿ. ಈ ಪತ್ರ ಹಾಕಿದರೆ, ಉಳಿದ ಅಂಗಡಿಯವರೂ ಮನೆಯವರೂ ಅವರವರ ಕಡೆ ಹೇಗಿದೆ ಅಂತ ಬರೆಯಲು ಜಾಗ ಕೊಡಿ. ಶಿಕಾರಿಪುರದವರು ನಮಗೆ ಈ ತೊಂದರೆಯೇ ಇಲ್ಲ ಅನ್ನಬಹುದು, ಅದೂ ಗೊತ್ತಾಗಲಿ.

ಸರ್ವೆ ಮಾಡಿಸುವ ಕಂಪನಿಯವರಿಗೂ ಹೇಳುತ್ತೇನೆ. ಮುಂದಿನ ಸಲ ಪುನರ್ವಸು ಮಳೆಗೋ ಪುಷ್ಯ ಮಳೆಗೋ ಬನ್ನಿ, ಜುಲೈ ಹೆಚ್ಚುಕಡಿಮೆ ಪೂರ್ತಿ ಆ ಎರಡೇ ಇರುತ್ತವೆ. ನೀವು ಮಾಡಬೇಕು ಅಂತಿರುವ ಹೊಸ ಪ್ಯಾಕೆಟ್ಟಿನ ಚಿತ್ರ ಬೇಡ, ಪ್ಯಾಕೆಟ್ಟನ್ನೇ ತನ್ನಿ. ಬೇರೆ ಬೇರೆ ಬಗೆಯ ಕವರಿನದ್ದು ನಮ್ಮ ಕಪಾಟಿನಲ್ಲಿ ಒಂದು ತಿಂಗಳು ಇಟ್ಟು ನೋಡೋಣ, ನಾಲ್ಕು ಮನೆಗೆ ಒಡೆದು ಬಳಸಲು ಕೊಟ್ಟು ನೋಡೋಣ. ಅದಕ್ಕೆ ನಾನು ದುಡ್ಡು ಕೇಳುವುದಿಲ್ಲ. ಯಾವ ತಿಂಗಳು ಎಷ್ಟು ಮಾರಿತು, ಎಷ್ಟು ಹಾಳಾಯಿತು ಅಂತ ನಮ್ಮನೆಯವರು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ, ಅದನ್ನೂ ತೋರಿಸುತ್ತೇವೆ. ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತದೆ, ಉಳಿದಂತೆ ಯಾವ ದಿನ ಬಂದರೂ ಆದೀತು.

ಇಂತಿ,
ದಿನಸಿ ಅಂಗಡಿಯ ಗೃಹಿಣಿ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ